ಸೂತಕಕ್ಕೆ ಕಾಲಂ ಇಲ್ಲ

ಕುಣಿಗಲ್ಲಿನವರಿಗೆ ರೈಲಿಗಿಂತ ಮೊದಲು ವಿಮಾನ ಹತ್ತಿರವಾಯಿತು ಎಂದರೆ ಹೊರಗಿನವರು ನಂಬುವುದಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ ಬಾಗಿಲು ತೆರೆದದ್ದು 2008ರ ಮೇ ತಿಂಗಳಲ್ಲಿ. ಬೆಂಗಳೂರು–ಹಾಸನದ ರೈಲು ನಮ್ಮೂರಿನ ಮೇಲೆ ಓಡಿದ್ದು 2017ರ ಮಾರ್ಚಿನಲ್ಲಿ. ಹೀಗಾಗಿ ಸಣ್ಣ ಟಿಕೆಟ್ಟು ರದ್ದು ಮಾಡಿ ಸಣ್ಣದಾಗಿ ಕಳೆದುಕೊಂಡು ಅಭ್ಯಾಸ ಮಾಡುವ ಸೌಭಾಗ್ಯ ನಮ್ಮ ಮಂದಿಗೆ ಸಿಗಲಿಲ್ಲ. ನೇರವಾಗಿ ದೊಡ್ಡದಕ್ಕೇ ಕೈಹಾಕಿದರು.

ಹಾಗಂತ ವಿಮಾನದ ವ್ಯವಹಾರ ನಮಗೆ ಪರಕೀಯವೇನಲ್ಲ. ಒಂದು ರೂಪಾಯಿಗೆ ಟಿಕೆಟ್ ಮಾರಿ ದೇಶವನ್ನು ಬೆರಗಾಗಿಸಿದ ಏರ್ ಡೆಕ್ಕನ್ನಿನ ಕ್ಯಾಪ್ಟನ್ ಗೋಪಿನಾಥ್ ಗೊರೂರಿನವರು. ಬೆಂಗಳೂರಿನಿಂದ ಆ ಊರಿಗೆ ಹೋಗುವ ಹೆದ್ದಾರಿ ನಮ್ಮ ತಾಲ್ಲೂಕನ್ನು ಹಾದೇ ಹೋಗುತ್ತದೆ. 2003ರಲ್ಲಿ ಶುರುವಾದ ಆ ಕಂಪನಿಯಲ್ಲಿ 2007ರಲ್ಲಿ ಪಾಲು ಕೊಂಡವರು ಕಿಂಗ್‌ಫಿಷರ್‌ನ ವಿಜಯ್ ಮಲ್ಯ. ಅವರ ಯುಬಿ ಸಮೂಹ ಟಿಪ್ಪುವಿನ ಕಾಲದಿಂದ ಹೆಸರಾದ ನಮ್ಮೂರ ಕುದುರೆ ಫಾರಂ ಅನ್ನು 1992ರಲ್ಲೇ ಗುತ್ತಿಗೆ ಹಿಡಿದಿತ್ತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನಗಳು ನಿಂತವು, ಮತ್ತೆ ಮೇಲೇಳಲಿಲ್ಲ. ಕುದುರೆಗಳು ಓಡುತ್ತಲೇ ಇದ್ದವು. ಈ ಕುದುರೆಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ದೊಡ್ಡಪ್ಪ ಅವನ್ನು ಮುಂದೆ ಸಾಕ್ಷಿಗೆ ಕರೆಯುವವರಿದ್ದಾರೆ.

ದೊಡ್ಡಪ್ಪ, ದೊಡ್ಡಮ್ಮ ಕಾಶಿಗೆ ಹೊರಟಿದ್ದರು. ಬೆಂಗಳೂರಿನಲ್ಲಿರುವ ಮಗಳು ಮೊಬೈಲಿನಲ್ಲೇ ಟಿಕೆಟ್ ಮಾಡಿದಳು, ಇದ್ದುದರಲ್ಲಿ ಅತಿ ಅಗ್ಗದ್ದು. ಬಟ್ಟೆಬರೆ ಕಟ್ಟಿಯಾಗಿತ್ತು, ಗಂಗೆ ತರುವ ತಂಬಿಗೆ ತೊಳೆದಾಗಿತ್ತು. ಹೊರಡಲು ಇನ್ನೇನು ಎರಡು ದಿನ ಎನ್ನುವಾಗ ಅಮೃತೂರು ಕಡೆಯ ದಾಯಾದಿಯೊಬ್ಬರು ತೀರಿಕೊಂಡರು. ದೊಡ್ಡಪ್ಪನಿಗೂ ಅವರಿಗೂ ಬದುವಿನ ಜಗಳವಾಗಿ ಮಾತು ಬಿಟ್ಟು ಯಾವ ಕಾಲವಾಗಿತ್ತೋ. ಆದರೆ ಸೂತಕಕ್ಕೆ ಮಾತುಕತೆ ಇರಬೇಕೆಂದೇನೂ ಇಲ್ಲವಲ್ಲ.

“ತಿಥಿ ಆಗೋಗಂಟ ದೇವಸ್ಥಾನದ ಮೆಟ್ಲು ತುಳಿಯಂಗಿಲ್ಲ. ಓಗ್ಲಿ ಬುಡು, ದುಡ್ಡು ವಾಪಸ್ ಈಸ್ಕೊಡು” ಎಂದು ನನಗೆ ಹೇಳಿ ದೊಡ್ಡಪ್ಪ ಜಗುಲಿಯ ಮೇಲೆ ಕುಳಿತರು. ಓದಿದವನು ಅಂತ ಮನೆಗೊಬ್ಬ ಇರುತ್ತಾನಲ್ಲ, ಇಂಥ ಕೆಲಸ ಅವನ ಪಾಲಿಗೆ.

ದರದ ನಿಯಮ ಎಂಬ ಆ ಸಾಹಿತ್ಯವನ್ನು ಬಿಡಿಸಿ ಓದಿದೆ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್‌ಚಾರ್ಜು ಸೇರಿದ ಮೊತ್ತವನ್ನು ಮೀರಬಾರದು ಎಂದು ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2016ರಲ್ಲಿ ಕಟ್ಟುಮಾಡಿದೆ. ಕೇಳಲು ಎಷ್ಟು ಇಂಪು! ಅರ್ಥ ಇಷ್ಟೇ: ಟಿಕೆಟ್ಟಿನ ಮೂಲ ದರ ಮೂರು ಸಾವಿರ, ಶುಲ್ಕ ನಾಲ್ಕು ಸಾವಿರ ಅನ್ನಿ, ಪೂರ್ತಿ ಮೂರು ಸಾವಿರ ನುಂಗಿಕೊಳ್ಳುತ್ತಾರೆ, ಮೇಲಿನ ಸಾವಿರಕ್ಕೆ ಮನೆ ಹತ್ತಿರ ಬರುವುದಿಲ್ಲ. ಟಿಕೆಟ್ ಅಗ್ಗವಾದಷ್ಟೂ ಹೋಗುವುದು ಪೂರ್ತಿ. ಒಂದು ರೂಪಾಯಿಯ ಟಿಕೆಟ್ ಕಾಲದಿಂದಲೂ ಗುಟ್ಟು ಇದೇ: ಅಗ್ಗಕ್ಕೆ ಕೊಟ್ಟದ್ದನ್ನು ವಾಪಸ್ ಕೇಳಬಾರದು.

ಬಿಟ್ಟಿ ರದ್ದತಿಗೂ ಒಂದು ಕಿಂಡಿ ಇದೆ. ಮೊದಲಿನ ನಿಯಮದ ಪ್ರಕಾರ, ಟಿಕೆಟ್ ಮಾಡಿದ 24 ಗಂಟೆಯೊಳಗೆ, ಪ್ರಯಾಣ ಏಳು ದಿನಕ್ಕಿಂತ ಆಚೆ ಇದ್ದರೆ, ದಂಡವಿಲ್ಲದೆ ಮನಸ್ಸು ಬದಲಿಸಬಹುದಿತ್ತು. ಈ 24ನ್ನು 48 ಮಾಡುವ ಕರಡೊಂದು 2025ರ ನವೆಂಬರಿನಲ್ಲಿ ಹೊರಬಿತ್ತು. ದಾಯಾದಿ ಇಪ್ಪತ್ತನಾಲ್ಕರಲ್ಲಿ ಸಾಯಲಿಲ್ಲ, ನಲವತ್ತೆಂಟರಲ್ಲೂ ಸಾಯಲಿಲ್ಲ. “ಬದುಕಿದ್ದಾಗ್ಲೂ ಇಂಗೇಯ, ಒಂದು ಕೆಲ್ಸ ಟೈಮಿಗೆ ಮಾಡ್ದೋನಲ್ಲ” ಎಂದರು ದೊಡ್ಡಪ್ಪ.

ರದ್ದತಿಗೆ ಕಾರಣವೇನು ಎಂದು ಮೊಬೈಲು ಕೇಳಿತು. ಆರೋಗ್ಯ, ಯೋಜನೆ ಬದಲಾವಣೆ, ತಪ್ಪು ದಿನಾಂಕ, ಹೀಗೆ ಪಟ್ಟಿಯೇ ಇತ್ತು. ಸೂತಕಕ್ಕೆ ಕಾಲಂ ಇರಲಿಲ್ಲ. ಯಾವುದನ್ನು ಒತ್ತಿದರೂ ಹಣದಲ್ಲಿ ಒಂದು ಪೈಸೆಯ ವ್ಯತ್ಯಾಸವಾಗದು ಎಂದು ಗೊತ್ತಿದ್ದರೂ ದೊಡ್ಡಪ್ಪ ಸುಳ್ಳು ಒತ್ತಲು ಬಿಡಲಿಲ್ಲ. ಸತ್ತವನ ಮರ್ಯಾದೆಯ ಪ್ರಶ್ನೆ.

“ನಾವ್ಯಾಕೆ ಏಳ್ಬೇಕು? ಓಗ್ದಿದ್ರೆ ಸೀಟು ಖಾಲಿ ಐತೆ ಅಂತ ಅವರಿಗೇ ಕಾಣಲ್ವಾ?” ಎಂಬುದು ಅವರ ಮುಂದಿನ ವಾದ. ವಿಮಾನದವರ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಇದಕ್ಕೆ ನೋ-ಶೋ ಎನ್ನುತ್ತಾರೆ. ಬರುವುದಿಲ್ಲ ಎಂದು ಮುಂಚೆ ತಿಳಿಸಿದರೆ ಉಳಿದಷ್ಟಾದರೂ ಕೈಗೆ ಬಂದೀತು. ಸುಮ್ಮನೆ ಮನೆಯಲ್ಲಿ ಕುಳಿತರೆ ಮೂಲ ದರದ ಆಸೆ ಬಿಡಬೇಕು. ದೇಶದೊಳಗಿನ ಹಾರಾಟಕ್ಕೆ ಕೌಂಟರು ಒಂದು ಗಂಟೆ ಮುಂಚೆ ಮುಚ್ಚುತ್ತದೆ. ನೆಲಮಂಗಲದ ಟೋಲಿನಲ್ಲಿ ಸಿಕ್ಕಿಕೊಂಡು ಬೆವರುತ್ತಿರುವವನೂ ಮನೆಯಲ್ಲಿ ಗೊರಕೆ ಹೊಡೆಯುತ್ತಿರುವವನೂ ಆ ಗಳಿಗೆಯಿಂದ ಒಂದೇ.

ದೊಡ್ಡಪ್ಪ ಕುದುರೆಗಳನ್ನು ಕರೆದದ್ದು ಇಲ್ಲಿ. ಹರೆಯದಲ್ಲಿ ಬೆಂಗಳೂರಿನ ರೇಸಿಗೆ ಹೋಗಿ ಬಂದವರು ಅವರು. ದೊಡ್ಡಮ್ಮನ ಎದುರು ಆ ಮಾತು ಎತ್ತುವಂತಿಲ್ಲ, ಆದರೆ ಸಂದರ್ಭ ಅಂಥದ್ದು. “ನಮ್ಮ ಫಾರಂ ಕುದ್ರೆ ಮೇಲೆ ದುಡ್ಡು ಕಟ್ಟಿರ್ತೀವಿ. ಕಾಲು ಉಳುಕಿ ಅದು ಓಟಕ್ಕೆ ಮುಂಚೆ ಇಂದೆ ಸರಿದ್ರೆ ಕಟ್ಟಿದ್ ದುಡ್ಡು ವಾಪಸ್. ಜೂಜಿನೋನಿಗೆ ಇರೋ ನೇಮ ಇವರಿಗಿಲ್ವಾ?” ನನಗೆ ಉತ್ತರ ಹೊಳೆಯಲಿಲ್ಲ. ದೊಡ್ಡಮ್ಮನಿಗೆ ಮಾತ್ರ ಬೇರೆ ಪ್ರಶ್ನೆಗಳು ಹೊಳೆದವು.

ಖಾಲಿ ಹಾರಿದ ಸೀಟನ್ನು ಮರುದಿನ ಮಾರಲಾಗುವುದಿಲ್ಲ, ಅದಕ್ಕೇ ಈ ಬಿಗಿ ಎಂದು ಸಮಾಧಾನ ಹೇಳಿದೆ. ಆದರೆ ಕೆಲವರು ಬರುವುದಿಲ್ಲವೆಂಬ ಅಂದಾಜಿನಲ್ಲಿ ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವ ರೂಢಿಯೂ ವಿಮಾನ ಕಂಪನಿಗಳಲ್ಲಿ ಇದೆ. ನಾವು ತಪ್ಪಿಸಿಕೊಂಡರೆ ದಂಡ, ನಮ್ಮ ಸೀಟಿನಲ್ಲಿ ಬೇರೊಬ್ಬ ಕುಳಿತರೂ ದಂಡ. ಈ ವಿಷಯವನ್ನು ದೊಡ್ಡಪ್ಪನಿಗೆ ಹೇಳಲಿಲ್ಲ. ರಕ್ತದೊತ್ತಡದ ಮನುಷ್ಯ.

ವಿಮಾನವೇ ರದ್ದಾದರೆ? ಅದಕ್ಕೂ ನಿಯಮವಿದೆ. ಎರಡು ವಾರ ಮುಂಚೆ ತಿಳಿಸಬೇಕು. ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ ಹಾರಾಟದ ಅವಧಿ ನೋಡಿ 5,000ದಿಂದ 10,000 ರೂಪಾಯಿವರೆಗೆ, ಇಲ್ಲವೇ ಮೂಲ ದರ ಮತ್ತು ಇಂಧನದ ಹಣ, ಯಾವುದು ಕಡಿಮೆಯೋ ಅಷ್ಟು ಪರಿಹಾರ. ಆದರೆ ಮುಷ್ಕರ, ಗಲಭೆ, ಪ್ರಕೃತಿ ವಿಕೋಪದಂತಹ ಕೈಮೀರಿದ ಕಾರಣವಿದ್ದರೆ ಅದೂ ಇಲ್ಲ. ದೊಡ್ಡಪ್ಪ ಈ ಸಾಲನ್ನು ಎರಡು ಸಲ ಓದಿಸಿ ಕೇಳಿದರು. “ಕೈಮೀರಿದ್ದು ಅಂದ್ಯಲ್ಲ. ಅವನು ಸತ್ತಿದ್ದು ನನ್ನ ಕೈಲಿತ್ತಾ?” ಬದುವಿನ ಜಗಳದ ಕಾಲದಲ್ಲಿ ಇದ್ದಿದ್ದರೆ ಅವರು ಬಿಡುತ್ತಿರಲಿಲ್ಲವೇನೋ, ಆ ಮಾತು ಬೇರೆ.

ಇನ್ನೊಂದು ಉಪಾಯ ಅವರಲ್ಲಿತ್ತು: ತಿಥಿಯೂಟ ಮುಗಿಸಿ ರೈಲಿನಲ್ಲಿ ಕಾಶಿಗೆ ಹೋಗಿ, ಬರುವಾಗ ವಿಮಾನದಲ್ಲಿ ಬರುವುದು. ಬರುವ ಟಿಕೆಟ್ಟಿನ ತಾರೀಖು ಹೇಗೂ ತಿಥಿಯಾದ ಮೇಲಿನದು. ಇದಕ್ಕೂ ಬೇಲಿ ಹಾಕಿದ್ದಾರೆ. ಹೋಗಿ ಬರುವುದೆರಡೂ ಒಂದೇ ಟಿಕೆಟ್ಟಿನಲ್ಲಿದ್ದು ಮೊದಲನೆಯದಕ್ಕೆ ಹೋಗದಿದ್ದರೆ ಎಷ್ಟೋ ಕಂಪನಿಗಳು ಎರಡನೆಯದನ್ನೂ ತಾವೇ ರದ್ದು ಮಾಡಿಬಿಡುತ್ತವೆ.

ಒಂದು ಮಾತ್ರ ನಮ್ಮ ಕಡೆ ಇತ್ತು. ಎಂಥ ರಿಯಾಯಿತಿಯ ಟಿಕೆಟ್ ಆಗಿರಲಿ, ರದ್ದು ಮಾಡಿರಲಿ, ಹೇಳದೆ ಕೇಳದೆ ಮನೆಯಲ್ಲಿ ಕುಳಿತಿರಲಿ, ಸರ್ಕಾರದ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನು ಕಂಪನಿ ಹಿಂತಿರುಗಿಸಲೇಬೇಕು. ಮೂಲ ದರ ಹೋಯಿತು ಎಂದ ಮೇಲೆ ಮಿಕ್ಕದ್ದನ್ನು ಕೇಳಲು ಹೋಗುವವರು ಕಡಿಮೆ. ದೊಡ್ಡಪ್ಪ ಕೇಳದೆ ಬಿಡುವವರಲ್ಲ. ನನ್ನ ಕೈಲಿ ರದ್ದು ಮಾಡಿಸಿ, ಆ ಬಾಬ್ತುಗಳಿಗೆ ಬೇರೆ ಅರ್ಜಿ ಬರೆಸಿ, ಕೆಲವು ನೂರು ರೂಪಾಯಿ ಮಗಳ ಖಾತೆಗೆ ಬಂದ ದಿನ “ನಿಲ್ದಾಣದ ನೆಲ ತುಳಿದಿಲ್ಲ, ಅದರ ದುಡ್ಡು ಕೊಟ್ಟವ್ರೆ. ಧರ್ಮ ಐತೆ” ಎಂದು ದೇವನಹಳ್ಳಿಯ ದಿಕ್ಕಿಗೆ ಕೈ ತೋರಿಸಿದರು.

ಕಾಶಿಯ ಆಸೆ ಬಿಟ್ಟಿಲ್ಲ. ಈ ಸಲ ಹೆಚ್ಚು ಹಣ ತೆತ್ತು, ದಿನ ಬದಲಿಸಬಹುದಾದ ಟಿಕೆಟ್ ತೆಗೆಯೋಣ ಎಂದೆ. ಹೆಚ್ಚಿನ ಹಣ ಎಂಬಲ್ಲಿಗೇ ಅವರ ಕಿವಿ ಮುಚ್ಚಿತು. ಅಗ್ಗದ್ದನ್ನೇ ತೆಗೆ, ಅದಕ್ಕೆ ಮುಂಚೆ ನನಗೊಂದು ವಾರ ಕೊಡು ಎಂದರು. ಆ ವಾರವೆಲ್ಲ ಮೊಮ್ಮಗನ ಬೈಕಿನ ಹಿಂದೆ ಕುಳಿತು ಹುಲಿಯೂರುದುರ್ಗ, ಯಡಿಯೂರು, ಕೊತ್ತಗೆರೆ ಎಂದು ಸುತ್ತಿದರು. ವಯಸ್ಸಾದ ದಾಯಾದಿಗಳ ಮನೆಮನೆಗೆ ಹೋಗಿ ಬಾಳೆಹಣ್ಣು ಕೊಟ್ಟು, ಪಕ್ಕದಲ್ಲಿ ಕುಳಿತು, ಉಸಿರಾಟ ಹೇಗಿದೆ, ಊಟ ಸೇರುತ್ತಿದೆಯೇ, ಡಾಕ್ಟರು ಏನಂದರು ಎಂದು ವಿಚಾರಿಸಿದರು. ಒಬ್ಬ ಮುದುಕರಂತೂ ಅವರ ಕೈ ಹಿಡಿದು ಅತ್ತೇಬಿಟ್ಟರಂತೆ, ಇಷ್ಟು ವರ್ಷವಾದ ಮೇಲಾದರೂ ನೋಡಲು ಬಂದೆಯಲ್ಲ ಎಂದು. ಮನೆಗೆ ಬಂದವರೇ ದೊಡ್ಡಪ್ಪ ನನ್ನನ್ನು ಕರೆದು ಹೇಳಿದರು: “ಮುಂದಿನ ತಿಂಗಳು ಬ್ಯಾಡ. ಯಡಿಯೂರಿನೋನು ಸ್ವಲ್ಪ ಅನುಮಾನ.”