ಸೊಪ್ಪು ತಿನ್ನುವ ಧಣಿ

ಯಾವ ಕ್ಷೇತ್ರದಲ್ಲಿ ಕೆಲಸ ಹೆಚ್ಚುತ್ತದೆ, ಯಾವುದರಲ್ಲಿ ಕರಗುತ್ತದೆ ಎಂಬ ಭವಿಷ್ಯವನ್ನು ಸ್ವಿಟ್ಜರ್ಲೆಂಡಿನಲ್ಲಿ ಕುಳಿತವರು ಬರೆಯುತ್ತಾರೆ. ಬೆಂಗಳೂರಿನವರು ಅದನ್ನು ಸ್ಲೈಡ್ ಮಾಡಿ ಕಾಲೇಜುಗಳಲ್ಲಿ ತೋರಿಸುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಹುಡುಗ ಹುಡುಗಿಯರು ಅದನ್ನು ನೋಡಿ, ಚಪ್ಪಾಳೆ ತಟ್ಟಿ, ನೇರ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಈ ಮೂರು ತಾಲ್ಲೂಕಿನಲ್ಲಿ ತಲೆತಲಾಂತರದಿಂದ ಕೆಲಸ ಕೊಟ್ಟುಕೊಂಡು ಬಂದ ಧಣಿಯನ್ನು ಮಾತ್ರ ಈವರೆಗೆ ಯಾರೂ ಒಂದು ಮಾತು ಕೇಳಿಲ್ಲ.

ಆದ್ದರಿಂದ ನಾವೇ ಕೊಳ್ಳೇಗಾಲದ ಹತ್ತಿರದ ಒಂದು ಹುಳು ಮನೆಗೆ ಹೋದೆವು. ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಕಾಲದ್ದಿ, ಬೀಡಿ ಬೆಂಕಿಪೊಟ್ಟಣ ಹೊರಗಿಟ್ಟು ಒಳಗೆ ಹೋಗಬೇಕೆಂಬುದು ಅಲ್ಲಿನ ಕಟ್ಟಳೆ. ಧಣಿಗಳು ತಮ್ಮ ಕೊನೆಯ ಹಂತದಲ್ಲಿದ್ದರು. ಅಗಿಯುವ ಸದ್ದು ಜೋರಾಗಿದ್ದರಿಂದ ಕೆಲವು ಪ್ರಶ್ನೆಗಳನ್ನು ಎರಡೆರಡು ಸಲ ಕೇಳಬೇಕಾಯಿತು.

ನಾವು: ನಮಸ್ಕಾರ ಧಣಿ. ಉದ್ಯೋಗದ ಭವಿಷ್ಯ ಹೇಳಲು ರೇಷ್ಮೆ ಹುಳುವಿಗೇನು ಅರ್ಹತೆ ಎಂದು ಓದುಗರು ಕೇಳಬಹುದು.

ಹುಳು: ಕೇಳ್ಲಿ ಬುಡು. ನಾ ಹುಟ್ಟಿ ಮೂರು ವಾರ ದಾಟ್ತು, ಅಷ್ಟ್ರಲ್ಲಿ ನಾಕು ಜ್ವರ ಎದ್ದಿವ್ನಿ. ಒಂದೊಂದ್ ಜ್ವರಕ್ಕೂ ಊಟ ಬುಟ್ಟು, ತಲೆ ಎತ್ಕೊಂಡು ಕುಂತಿರ್ತಿನಿ. ಪೊರೆ ಬುಟ್ಟು ಎದ್ದ ಮ್ಯಾಲ ಹೊಸ ಚರ್ಮ, ಮೊದ್ಲಿಗಿಂತ ದೊಡ್ಡ ಬಾಯಿ. ಇದ್ನೇ ನಿಮ್ಮ ಬೆಂಗ್ಳೂರಿನವ್ರು ರೀಸ್ಕಿಲ್ಲಿಂಗು ಅಂತ ಹೇಳ್ಕೊಡ್ತರ. ನಮ್ಮ ಉಪವಾಸಕ್ಕ ಯಾರೂ ಫೀಸ್ ಕೇಳಲ್ಲ, ಅಷ್ಟೇ ವ್ಯತ್ಯಾಸ.

ನಾವು: ಎಷ್ಟು ಜನರಿಗೆ ಕೆಲಸ ಕೊಟ್ಟಿದ್ದೀರಿ?

ಹುಳು: ಒಂದೆಕರೆ ಹಿಪ್ಪುನೇರಳೆ ಇದ್ರ ಐದಾಳಿಗ ಕೆಲ್ಸ ಅಂತ ಭಾಷ್ಣದಲ್ಲಿ ಬತ್ತದ. ಆ ಐದಾಳ್ನ ನಾನು ದಿನಾ ನೋಡ್ತಿವ್ನಿ ಕನಪ್ಪ. ಯಜಮಾನ ಒಬ್ಬ. ಅವನ ಹೆಂಡ್ತಿ. ಅವನ ತಾಯಿ, ಮಂಡಿ ನೋವು, ಆದ್ರೂ ನಮ್ಮ ಹಿಕ್ಕೆ ತಗೀತಳ. ಇಸ್ಕೂಲಿಂದ ಬಂದು ಬ್ಯಾಗು ಬಿಸಾಕಿ ಸೊಪ್ಪು ಹಾಕೊ ಮಗಳು. ಐದ್ನೇದು ಸೊಪ್ಪು ಕುಯ್ಯೋ ಕೂಲಿಯವ್ಳು. ಸಂಜೆಗ ದುಡ್ಡು ಎಣಿಸ್ಕೊಂಡು ಹೋಗೋಳು ಅವಳೊಬ್ಳೇ. ಮಿಕ್ಕ ನಾಕು ಉದ್ಯೋಗ ಸೃಷ್ಟಿ.

ನಾವು: ವಿಶ್ವ ಆರ್ಥಿಕ ವೇದಿಕೆ 2025ರ ಜನವರಿಯಲ್ಲಿ ಒಂದು ವರದಿ ಹೊರಡಿಸಿತು. 2030ರ ಹೊತ್ತಿಗೆ ಪ್ರಪಂಚದಲ್ಲಿ 17 ಕೋಟಿ ಹೊಸ ಉದ್ಯೋಗ ಹುಟ್ಟುತ್ತವೆ, 9.2 ಕೋಟಿ ಹೋಗುತ್ತವೆ ಎನ್ನುತ್ತದೆ. ಬ್ಯಾಂಕಿನ ಕೌಂಟರ್ ಗುಮಾಸ್ತರು, ಅಂಚೆ ಗುಮಾಸ್ತರು, ಡೇಟಾ ಎಂಟ್ರಿಯವರು ಇಳಿಯುವ ಪಟ್ಟಿಯಲ್ಲಿದ್ದಾರೆ. ತಲೆ ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ಕೆಲಸ ಯಾವುದು ಗೊತ್ತೇ?

ಹುಳು: ಕಂಪ್ಯೂಟ್ರು?

ನಾವು: ಅಲ್ಲ. ಬೇಸಾಯದ ಕೆಲಸ. ಡೆಲಿವರಿಯವರು, ಕಟ್ಟಡ ಕೆಲಸದವರೆಲ್ಲ ಅದರ ಹಿಂದೆ.

ಹುಳು: (ಅಗಿಯುವುದನ್ನು ನಿಲ್ಲಿಸಿ) ಇನ್ನೊಂದ್ಸಲ ಹೇಳು.

ನಾವು: ಹೊಲದ ಕೆಲಸ, ಧಣಿ. ಪಟ್ಟಿಯ ಮೊದಲ ಸ್ಥಾನ.

ಹುಳು: ಅಯ್ಯೋ ಶಿವ್ನೇ! ಆ ಕಾಗ್ದವ ಬೇಗ ತಕ್ಕೊಂಡೋಗಿ ಮದುವೆ ಬ್ರೋಕರ್‌ಗಳ್ಗ ಕೊಡು. 2023ರ ಫೆಬ್ರುವರಿಲಿ ಮಂಡ್ಯ ಸೀಮೆ ಹುಡುಗ್ರು ಮಾದಪ್ಪನ ಬೆಟ್ಟಕ್ಕ ಪಾದಯಾತ್ರೆ ಬಂದ್ರಲ್ಲ, ನೆನಪದ? ಹರಕೆ ಏನು? ಮಳೆ ಅಲ್ಲ, ಬೆಳೆಗ ರೇಟಲ್ಲ. ಹೆಣ್ಣು. ಮೂವತ್ತು ದಾಟ್ತು, ಹೊಲ ಅದ, ಬೋರ್‌ವೆಲ್ ಅದ, ಟ್ರ್ಯಾಕ್ಟ್ರು ಅದ, ಹೆಣ್ಣು ಕೊಡೋರಿಲ್ಲ ಅಂತ ನಡ್ಕೊಂಡು ಬಂದ್ರು. ಪೇಪರ್ನವ್ರು ಬ್ರಹ್ಮಚಾರಿಗಳ ಪಾದಯಾತ್ರೆ ಅಂತ ಹೆಸರಿಟ್ಟು ನಕ್ಕ್ರು. ನಂಗ ನಗು ಬರ್ನಿಲ್ಲ ಕನಪ್ಪ. ನಮ್ಮ ಯಜಮಾನ್ನ ತಮ್ಮನೂ ಅದೇ ವಯಸ್ಸು.

ನಾವು: ಅಂದರೆ ವರದಿ ಸುಳ್ಳೇ?

ಹುಳು: ಸುಳ್ಳು ಅಂತ ಎಲ್ಲಿ ಹೇಳ್ದಿ? ಕೆಲ್ಸ ಬೆಳೀತದ, ನಿಜ. ಹೊಟ್ಟೆ ಇರೋ ತನಕ ಹೊಲ ಇರ್ತದ. ಆದ್ರ ಅವ್ರು ಎಣಿಸೋದು ತಲೆ. ಹೆಣ್ಣಿನ ಕಡೆಯವ್ರು ಎಣಿಸೋದು ಬೇರೆ. ಸಂಬಳ ತಿಂಗ್ಳು ತಿಂಗ್ಳು ಬತ್ತದ? ಮಗಳು ಮೂರು ಹೊತ್ತು ಸೊಪ್ಪು ಹೊರ್ಬೇಕಾ? ಜಡಿಮಳೆಲಿ ಬೆಳೆ ಹೋದ್ರ ಸಾಲ ಯಾರ ಹೆಸ್ರಿಗ? ಈ ಸೀಮೆಲಿ ಯಾವ್ದು ಏರ್ತದ, ಯಾವ್ದು ಇಳೀತದ ಅಂತ ಗೊತ್ತಾಗ್ಬೇಕು ಅಂದ್ರ ಹೆಣ್ಣು ನೋಡೋ ಶಾಸ್ತ್ರದ ದಿನ ಜಗಲಿ ಮ್ಯಾಲ ಕುಂತ್ಕೋ. ಪೊಲೀಸ್ ಪೇದೆ ಅಂದ್ರ ಕಾಫಿ ಜೊತೆ ಉಪ್ಪಿಟ್ಟು. ಬೆಂಗ್ಳೂರಲ್ಲಿ ಕಂಪ್ನಿ ಅಂದ್ರ ಕೇಸರಿಬಾತೂ ಬತ್ತದ, ಯಾವ ಕಂಪ್ನಿ ಅಂತ ಯಾರೂ ಕೇಳಲ್ಲ. ರೇಷ್ಮೆ ಬೆಳೀತನ ಅಂದ್ರ, ‘ಹೌದಾ, ಒಳ್ಳೇದು, ಆಮೇಲ ಫೋನ್ ಮಾಡ್ತೀವಿ’.

ನಾವು: ಅದೇ ಮನೆಯವರು ಧಾರೆಗೆ ರೇಷ್ಮೆ ಸೀರೆಯನ್ನೇ ಕೇಳುತ್ತಾರಲ್ಲ?

ಹುಳು: ಕೇಳ್ತರ. ಒಂದ್ ಗೂಡಿಗ ಹೆಚ್ಚು ಕಮ್ಮಿ ಒಂದ್ ಕಿಲೋಮೀಟ್ರು ಎಳೆ ಉಗುಳಿ ಕೊಡ್ತಿನಿ. ಸೀರೆ ಬೇಕು, ಬೆಳೆಯೋ ಅಳಿಯ ಬ್ಯಾಡ.

ನಾವು: ನಿಮ್ಮ ಕಸುಬು ಯಾಕೆ ಹೀಗೆ ಇಳಿಯಿತು?

ಹುಳು: ಕೊಳ್ಳೇಗಾಲ ಮದ್ರಾಸ್ ಸರ್ಕಾರದ ಕೊಯಮತ್ತೂರು ಜಿಲ್ಲೆಲಿದ್ದಾಗ ಆ ಕಡೆ ರೇಷ್ಮೆಗ ನಮ್ಮೂರೇ ದೊಡ್ಡೂರು. 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯಕ್ಕ ಸೇರ್ದೊ. 1997ರಲ್ಲಿ ಮೈಸೂರು ಜಿಲ್ಲೆ ಒಡ್ದು ಚಾಮರಾಜನಗರ ಆಯ್ತು, ಆಮೇಲ ಹನೂರು ಬೇರೆ ತಾಲ್ಲೂಕಾಯ್ತು. ಬೋರ್ಡು ಬರೆಯೋರ್ಗ ಮಾತ್ರ ಒಳ್ಳೇ ಕಾಲ. ಕೊಳ್ಳೇಗಾಲ, ಮಾಂಬಳ್ಳಿ, ಸಂತೇಮರಹಳ್ಳಿ ಕಡೆ ಸರ್ಕಾರದ ಫಿಲೇಚರ್ ಇದ್ದೊ. ಹೆಣ್ಮಕ್ಳು ಬಿಸಿನೀರ್ಗ ಬೆರಳದ್ದಿ ನಮ್ಮ ಎಳೆ ಬಿಚ್ಚೋರು. ಬೆರಳು ಬೇಯ್ತಿತ್ತು, ತಿಂಗ್ಳ ಸಂಬಳಾನೂ ಬತ್ತಿತ್ತು. ದೇವಾಂಗರ ಬೀದಿಲಿ ಮಗ್ಗ ಆಡ್ತಿತ್ತು.

ಆಮೇಲ ಕೇಳು. 2011ರ ಬಜೆಟ್‌ನಲ್ಲಿ ದಿಲ್ಲಿಯವ್ರು ಹೊರದೇಶದ ಕಚ್ಚಾ ರೇಷ್ಮೆ ಮ್ಯಾಲಿನ ಸುಂಕವ ಶೇ 30ರಿಂದ 5ಕ್ಕ ಇಳಿಸ್ಬುಟ್ರು. ಚೀನಾದಲ್ಲಿರೋ ನಮ್ಮ ದಾಯಾದಿಗಳ ನೂಲು ಹಡಗು ಹತ್ಕೊಂಡು ಬಂತು. ಗೂಡಿನ ರೇಟು ಬಿತ್ತು, ರೈತ್ರು ಬೀದಿಗ ಬಂದ್ರು. 2013ರಲ್ಲಿ ಶೇ 15ಕ್ಕ ಏರಿಸುದ್ರು. ಅಷ್ಟ್ರಲ್ಲಿ ನೇರಳೆ ಕಿತ್ತು ಕಬ್ಬು, ಅರಿಸಿನ ಹಾಕ್ದೋರು ಹಾಕಾಗಿತ್ತು. ದಿಲ್ಲಿಲಿ ಒಬ್ಬ ಒಂದ್ ಅಂಕಿ ತಿದ್ದುದ್ರ ನಮ್ಮೂರ ಹುಡುಗ ಬೆಂಗ್ಳೂರಲ್ಲಿ ಸೆಕ್ಯುರಿಟಿ ಗಾರ್ಡ್ ಆಯ್ತನ. ನಿಮ್ಮ ವರದಿಲಿ ಆ ಕೆಲ್ಸನೂ ‘ಇಳಿಯೋ’ ಪಟ್ಟಿಲೇ ಅದ.

ನಾವು: ಕೃತಕ ಬುದ್ಧಿಮತ್ತೆಯಿಂದ ಕೆಲಸ ಹೋಗುತ್ತದೆ ಎಂದು ಎಲ್ಲರಿಗೂ ಭಯ.

ಹುಳು: ಕೃತಕ ಬುದ್ಧಿ ನೆನ್ನೆ ಬಂದದ್ದು. ಕೃತಕ ರೇಷ್ಮೆ ನಮ್ಮ ಮುತ್ತಜ್ಜನ ಕಾಲ್ದಲ್ಲೇ ಬಂತು. ಆಗ್ಲೂ ಹಿಂಗೇ ಅಂದ್ರು, ಹುಳದ ಕಥೆ ಮುಗೀತು ಅಂತ. ಮುಗೀನಿಲ್ಲ. ಆದ್ರ ದಿನಾ ಉಡೋ ಸೀರೆ ಪೂರಾ ಅದರ ಪಾಲಾಯ್ತು, ನಂಗ ಉಳಿದದ್ದು ಮದುವೆ, ಗೃಹಪ್ರವೇಶ. ನಿಮ್ಗೂ ಹಂಗೇ ಆಯ್ತದ. ದಿನದ ಬರವಣಿಗೆ ಮಿಷನ್ನು ಮಾಡ್ತದ, ವಿಶೇಷಾಂಕಕ್ಕ ನಿನ್ನ ಕರೀತರ.

(ಈ ಉತ್ತರ ನಮ್ಮ ಸಂಪಾದಕರಿಗೆ ತುಂಬಾ ಹಿಡಿಸಿತು. ನಮಗಲ್ಲ.)

ನಾವು: ರೈಲ್ವೆಯಲ್ಲಿ ಅವಕಾಶ?

ಹುಳು: ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮ್ಯಾಲ ಚಾಮರಾಜನಗರಕ್ಕ 142 ಕಿಲೋಮೀಟ್ರು ರೈಲುದಾರಿ 1996–97ರಲ್ಲೇ ಮಂಜೂರಾಗದ. ಸರ್ವೆ ಮಾಡೋರ್ಗ, ಮನವಿಪತ್ರ ಟೈಪ್ ಮಾಡೋರ್ಗ ಭವಿಷ್ಯ ಚೆನ್ನಾಗದ. ಡ್ರೈವರ್ ಕೆಲ್ಸಕ್ಕ ಇನ್ನೂ ಸ್ವಲ್ಪ ಕಾಯ್ಬೇಕು.

ನಾವು: ಸರ್ಕಾರಿ ನೌಕರಿ?

ಹುಳು: 545 ಪಿಎಸ್‌ಐ ಹುದ್ದೆಗ 2021ರ ಅಕ್ಟೋಬರ್‌ಲಿ ಪರೀಕ್ಷೆ ಆಯ್ತು. 2022ರ ಏಪ್ರಿಲ್‌ಲಿ ಅಕ್ರಮ ಅಂತ ಅದ್ನ ರದ್ದು ಮಾಡುದ್ರು. ಮರುಪರೀಕ್ಷೆ 2024ರ ಜನವರಿಲಿ. ಅಷ್ಟ್ರಲ್ಲಿ ನಮ್ಮ ಹುಳು ಮನೆಲಿ ಹತ್ತು ಬೆಳೆ ಎದ್ದು ಮಾರ್ಕೆಟ್ಟಿಗೋಗಿತ್ತು. ಆದ್ರ ಕೋಚಿಂಗ್ ಸೆಂಟರ್ ಬೆಳೀತಾ ಅದ. ಪಾಸಾದೋರು ನೌಕರಿಗ ಹೋಯ್ತರ, ಆಗ್ದೋರು ಅಲ್ಲೇ ಮೇಷ್ಟ್ರಾಯ್ತರ.

ನಾವು: ಮುಖ್ಯಮಂತ್ರಿ ಹುದ್ದೆ?

ಹುಳು: ಚಾಮರಾಜನಗರಕ್ಕ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳ್ಕತನ ಅನ್ನೊ ಮಾತಿತ್ತಲ್ಲ. 1997ರಲ್ಲಿ ಜಿಲ್ಲೆ ಉದ್ಘಾಟ್ನೆ ಮಾಡೋಕ ಜೆ.ಎಚ್. ಪಟೇಲ್ರು ಮಾದಪ್ಪನ ಬೆಟ್ಟಕ್ಕ ಬಂದ್ರು, ಜಿಲ್ಲಾ ಕೇಂದ್ರಕ್ಕ ಬರ್ನಿಲ್ಲ. ಸಿದ್ದರಾಮಯ್ಯೋರು ಅಲ್ಲಿಗೇ ಮತ್ತ ಮತ್ತ ಬಂದು 2018ರ ತನಕ ಐದು ವರ್ಷ ಪೂರೈಸುದ್ರು. ಹಂಗಾಗಿ ಭಯ ಕಮ್ಮಿ ಆಗದ. ಆದ್ರ ಇಡೀ ರಾಜ್ಯಕ್ಕ ಹುದ್ದೆ ಒಂದೇ. ಅರ್ಜಿ ಜಾಸ್ತಿ, ನೇಮಕಾತಿ ದಿಲ್ಲಿಯಿಂದ.

ನಾವು: ಕಾಡಿನ ಕಡೆ, ಪ್ರವಾಸೋದ್ಯಮ?

ಹುಳು: ಅಲ್ಲಿ ಬೆಳವಣಿಗೆ ಅದ, ಯಾರ್ಗ ಅಂತ ನೋಡು. ಬಿಳಿಗಿರಿರಂಗನ ಬೆಟ್ಟದ ಸೋಲಿಗ್ರು ಜೇನು, ನೆಲ್ಲಿ, ಪಾಚಿ ತಂದು ಗಿರಿಜನರ ಲ್ಯಾಂಪ್ಸ್ ಸೊಸೈಟಿಗ ಹಾಕೋರು. 2006ರಲ್ಲಿ ಹಂಗ ತರೋದ್ನ ನಿಲ್ಸುದ್ರು. ಎಷ್ಟೋ ಜನ ಕೊಡಗಿನ ಕಾಫಿ ತೋಟಕ್ಕ ಕೂಲಿಗ ಹೋದ್ರು. ಹೋರಾಟ ಮಾಡಿ 2011ರಲ್ಲಿ ಅರಣ್ಯ ಹಕ್ಕು ಪತ್ರ ತಕ್ಕಂಡ್ರು. ಹುಲಿ ಇರೋ ಕಾಡಲ್ಲಿ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅವ್ರಿಗ ಮೊದ್ಲು. ಆದ್ರ ಈಗ್ಲೂ ಆ ಕಾಡಲ್ಲಿ ಹುಲಿದು ಕಾಯಂ ನೌಕ್ರಿ, ಅದ್ನ ಕಾಯೋ ವಾಚರ್‌ದು ಗುತ್ತಿಗೆ.

ಹನೂರು ಕಡೆ ಗೋಪಿನಾಥಂ ಕೇಳಿದೀಯಲ್ಲ, ವೀರಪ್ಪನ್ ಹುಟ್ಟಿದೂರು. 2004ರಲ್ಲಿ ಅವನು ಸಾಯೋ ತನಕ ಅವನ ಜೊತೆ ಇರೋರ್ಗೂ ಕೆಲ್ಸ, ಅವನ ಹುಡುಕೋರ್ಗೂ ಕೆಲ್ಸ. ನಡುವೆ ಸಿಕ್ಕ ಹಳ್ಳಿಯವ್ರಿಗ ಎರಡು ಕಡೆಯಿಂದ್ಲೂ ಏಟು. ಈಗ ಅಲ್ಲಿ ಜಂಗಲ್ ಲಾಡ್ಜಸ್‌ನವ್ರ ಟೆಂಟು ಅವ. ದುಡ್ಡು ಕೊಟ್ಟು ಆ ಕಾಡಲ್ಲಿ ಮಲಗೋರೂ ಅವ್ರ.

ನಾವು: ಯಳಂದೂರು ಚಿಕ್ಕ ತಾಲ್ಲೂಕು. ಅಲ್ಲಿನವರಿಗೆ ಏನು ಹೇಳುತ್ತೀರಿ?

ಹುಳು: ಚಿಕ್ಕದಾದ್ರೂ ಪ್ಲೇಸ್‌ಮೆಂಟು ದೊಡ್ದು. ಸಂಚಿ ಹೊನ್ನಮ್ಮ ಆ ಊರವ್ಳು. ಚಿಕ್ಕದೇವರಾಜ ಒಡೆಯರ ಅರಮನೆಲಿ ಎಲಡಿಕೆ ಸಂಚಿ ಹಿಡಿಯೋ ಊಳಿಗಕ್ಕ ಸೇರಿ, ‘ಹದಿಬದೆಯ ಧರ್ಮ’ ಬರೆದ್ಳು. ಇವತ್ತೂ ಅಧಿಕಾರ ಇರೋರ ಮನೆಗ ಸಂಚಿ ಹಿಡಿಯೋಕ ಹೋಗೋರು ಕಮ್ಮಿ ಇಲ್ಲ, ಪುಸ್ತಕ ಒಂದೂ ಬರ್ನಿಲ್ಲ. ಇನ್ನು ದಿವಾನ್ ಪೂರ್ಣಯ್ಯ. 1807ರಲ್ಲಿ ಅವ್ರಿಗ ಯಳಂದೂರೇ ಜಹಗೀರು ಸಿಕ್ತು. ಅಂಥ ಪ್ಯಾಕೇಜು ಆಮೇಲ ಈ ಸೀಮೆಲಿ ಯಾವ ಕ್ಯಾಂಪಸ್ ಸಂದರ್ಶನದಲ್ಲೂ ಕೇಳ್ನಿಲ್ಲ.

ನಾವು: ಉಳಿದ ಕ್ಷೇತ್ರಗಳು? ನರ್ಸಿಂಗ್, ಗಾರ್ಮೆಂಟ್ಸ್, ಡೆಲಿವರಿ...

ಹುಳು: ನರ್ಸು ಬೇಕೇ ಬೇಕು, ಮುದುಕ್ರು ಜಾಸ್ತಿ ಆಯ್ತಾವ್ರ. ಹಳ್ಳಿಲಿ ಉಳಿಯೋರೇ ಮುದುಕ್ರು. ಮಿಕ್ಕ ಎಲ್ಲಾ ಕೆಲ್ಸನೂ ಬೆಳಿಗ್ಗೆ ಬೆಂಗ್ಳೂರು ಬಸ್ಸಲ್ಲಿ ಕುಂತು ಹೋಯ್ತದ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಹೆಣ್ಮಕ್ಳಿಗ ಟಿಕೆಟ್ ದುಡ್ಡೂ ಇಲ್ಲ. ಒಡೆಯರಪಾಳ್ಯದ ಟಿಬೆಟ್ನವ್ರು ಚಳಿಗಾಲ ಬಂದ್ರ ಸ್ವೆಟರ್ ಮೂಟೆ ಕಟ್ಕೊಂಡು ದೂರದೂರಿಗ ಹೋಗಿ, ಚಳಿ ಮುಗುದ್ರ ವಾಪಸ್ ಬತ್ತರ. ನಮ್ಮವ್ರು ಹೋದ್ರ ಬರೋದು ಮಾದಪ್ಪನ ಜಾತ್ರೆಗ, ಇಲ್ಲ ಓಟಿಗ. ಡಿಗ್ರಿ ಮಾಡಿ ಊರಲ್ಲೇ ಇದ್ರ ಯುವನಿಧಿಲಿ ತಿಂಗ್ಳಿಗ 3,000, ಡಿಪ್ಲೊಮಾಗ 1,500, ಎರಡು ವರ್ಷದ ತನಕ. ಕೆಲ್ಸ ಸಿಕ್ಕುದ್ರ ನಿಂತೋಯ್ತದ. ತಿಂಗ್ಳು ತಪ್ಪದೆ ದುಡ್ಡು ಬರೋ ಕೆಲ್ಸ ನಮ್ಮೂರಲ್ಲಿ ಸದ್ಯಕ್ಕ ಅದೊಂದೇ ಅಂತ ಹುಡುಗ್ರು ಮಾತಾಡ್ಕತರ.

ನಾವು: ನಿಮ್ಮ ನಿವೃತ್ತಿ ಯಾವಾಗ?

ಹುಳು: ನಾಳೆಯೋ ನಾಡಿದ್ದೋ ಹಣ್ಣಾಯ್ತಿನಿ. ಚಂದ್ರಿಕೆಗ ಬುಡ್ತರ, ಎರಡ್ಮೂರು ದಿನದಲ್ಲಿ ಗೂಡು ಕಟ್ತಿನಿ, ಆಮೇಲ ಹರಾಜು. ನೂಲು ತಗಿಯೋ ರೀಲರ್ ಕೈ ಹಾಕಿ ಅಲುಗಾಡ್ಸಿ ನೋಡಿ ರೇಟು ಹಾಕ್ತನ. 2006ರ ಏಪ್ರಿಲ್‌ನಿಂದ ಈಚೆಗ ಸೇರ್ದ ನೌಕರ್ರು ಹಳೇ ಪಿಂಚಣಿ ಬೇಕು ಅಂತ ಧರಣಿ ಕುಂತರ. ನಮ್ದು ಅದಕ್ಕಿಂತ ಹಳೇ ಸ್ಕೀಮು, ಬಿಸಿನೀರು. ಅದು ಇರ್ಲಿ, ನಿನ್ನ ಪತ್ರಿಕೆಲಿ ಜಾಗ ಇದ್ರ ಒಂದ್ ಜಾಹೀರಾತು ಹಾಕು. ದುಡ್ಡು ಗೂಡು ಮಾರುದ್ ಮ್ಯಾಲ.

ಧಣಿಗಳು ಹೇಳಿ ಬರೆಸಿದ ಜಾಹೀರಾತನ್ನು ಭಾಷೆ ಮಾತ್ರ ತಿದ್ದಿ ಇಲ್ಲಿ ಕೊಟ್ಟಿದ್ದೇವೆ:

‘ಬೇಕಾಗಿದ್ದಾರೆ. ಹುಳು ಮನೆ ಕೆಲಸಕ್ಕೆ ಗಟ್ಟಿಮುಟ್ಟಾದ ಆಳುಗಳು. ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಸೊಪ್ಪು ಹಾಕಬೇಕು. ಭಾನುವಾರ ರಜೆ ಇಲ್ಲ, ಹುಳುವಿಗೆ ಭಾನುವಾರ ಗೊತ್ತಿಲ್ಲ. ಪ್ರಪಂಚದಲ್ಲೇ ಅತಿ ಹೆಚ್ಚು ಬೆಳೆಯುವ ಉದ್ಯೋಗ ಎಂದು ಸ್ವಿಟ್ಜರ್ಲೆಂಡಿನವರು ಪ್ರಮಾಣಪತ್ರ ಕೊಟ್ಟಿದ್ದಾರೆ. ಸಂಬಳ ಗೂಡಿನ ರೇಟಿನ ಮೇಲೆ, ಗೂಡಿನ ರೇಟು ದಿಲ್ಲಿಯ ಸುಂಕದ ಮೇಲೆ. ಮನೆಯವರಾದರೆ ಸಂಬಳವಿಲ್ಲ. ಪಾದಯಾತ್ರೆ ಮಾಡಿದವರಿಗೆ ಆದ್ಯತೆ. ಹೆಣ್ಣು ಕೊಡುವವರು ಖುದ್ದಾಗಿ ಬಂದು ನೋಡಬಹುದು, ಕಾಲು ತೊಳೆದು ಒಳಗೆ ಬರಬೇಕು.’