ದೆಹಲಿಯ ವಿಮರ್ಶಕರೇ, ಭಾಗವತರ ದನಿ ಕೇಳಿಸಿತೇ?

ಮಾನ್ಯ ವಿಮರ್ಶಕರೇ,

ಮಂಡಿ ಹೌಸ್ ಸುತ್ತಮುತ್ತಲ ರಂಗಮಂದಿರಗಳಲ್ಲಿ ಯಕ್ಷಗಾನ ನಡೆದಾಗಲೆಲ್ಲ ನೀವು ಏನು ಬರೆದಿರಿ ಎಂದು ಹುಡುಕಿ ಓದುವವರಲ್ಲಿ ನಾನೂ ಒಬ್ಬ. ಕಿರೀಟದ ಹೊಳಪು, ಬಣ್ಣದ ವೇಷದ ಅಬ್ಬರ, ಗಿರಕಿಯ ವೇಗ, ಚೆಂಡೆಯ ಗುಡುಗು, ಇವನ್ನೆಲ್ಲ ಮನಸಾರೆ ಹೊಗಳುತ್ತೀರಿ. ಹಿಮ್ಮೇಳಕ್ಕೆ ಬಂದಾಗ ‘ಸಹಕಾರ ಚೆನ್ನಾಗಿತ್ತು’ ಎಂದು ಒಂದು ಸಾಲು ಬರೆದು ಮುಗಿಸುತ್ತೀರಿ. ಹಾಡಿದವರ ಹೆಸರೂ ಎಷ್ಟೋ ಸಲ ಇರುವುದಿಲ್ಲ. ಸಹಕಾರ ಕೊಟ್ಟವರಲ್ಲ ಅವರು. ಆಟ ನಡೆಸಿದವರೇ ಅವರು. ಹಾಡುತ್ತಲೇ ಆಟ ನಡೆಸುವ ಆ ಭಾಗವತರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ರಂಗದ ಮೇಲಿನ ಗಂಡುದನಿಯನ್ನು ಲೋಕದ ಬೇರೆಡೆ ಹೇಗೆ ಕೇಳುತ್ತಾರೆ ಎಂಬುದು ನಿಮಗೆ ಗೊತ್ತು. 1972ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಗಾಯಕ ಲುಚಾನೊ ಪವರೊಟ್ಟಿ ಡೊನಿಜೆಟ್ಟಿಯ ಒಂದೇ ಹಾಡಿನಲ್ಲಿ 9 ಸಲ ಮೇಲಿನ ಸಿ ಸ್ವರ ಮುಟ್ಟಿದರು. ಅದನ್ನು ಜನ ಎಣಿಸಿದರು, ಇವತ್ತಿಗೂ ಎಣಿಸುತ್ತಾರೆ. ಅಂದು ಆತ ಪರದೆಯ ಮುಂದೆ 17 ಸಲ ಬಂದು ಕೈಮುಗಿಯಬೇಕಾಯಿತು. ಮಿಲಾನಿನ ಲಾ ಸ್ಕಾಲಾದಲ್ಲಿ 1933ರ ನಂತರ ಯಾವ ಏಕಗಾಯಕನಿಗೂ ಸಿಗದಿದ್ದ ‘ಒನ್ಸ್ ಮೋರ್’ 2007ರಲ್ಲಿ ಹ್ವಾನ್ ದಿಯೆಗೊ ಫ್ಲೋರೆಸ್ ಅವರಿಗೆ ಸಿಕ್ಕಿದ್ದೂ ಅದೇ ಹಾಡಿಗೆ. ಇನ್ನು ಒಪೆರಾ ಗಾಯಕ ಕರೂಸೊ: 1901ರಲ್ಲಿ ಹುಟ್ಟೂರು ನೇಪಲ್ಸ್‌ನಲ್ಲಿ ಹಾಡಿ, ಅಲ್ಲಿನ ವಿಮರ್ಶಕರ ಮಾತಿಗೆ ನೊಂದು, ಮತ್ತೆಂದೂ ಆ ಊರಿನಲ್ಲಿ ಹಾಡಲಿಲ್ಲ. ಬರೆದವರು ಸರಿಯೋ ತಪ್ಪೋ, ಅವರು ಕಿವಿಗೊಟ್ಟು ಕೇಳಿದ್ದರು. ಅದಕ್ಕೇ ಅವರ ಮಾತು ಹಾಡುಗಾರನಿಗೆ ತಟ್ಟಿತು.

ಭಾಗವತರ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಪೆರಾದ ಟೆನರ್, ಅಂದರೆ ಏರುದನಿಯ ಗಾಯಕ, ವಾದ್ಯವೃಂದವನ್ನು ದಾಟಿ ಕೇಳಿಸಬೇಕು. ನಮ್ಮ ಭಾಗವತರು ಚೆಂಡೆಯನ್ನು ದಾಟಬೇಕು. ಮೈಕು ಬರುವ ಮೊದಲು, ಕೊಯ್ಲಾದ ಗದ್ದೆಯ ಕೊನೆಯಲ್ಲಿ ಕೂತವರಿಗೂ ಪದ್ಯ ಮುಟ್ಟಬೇಕಿತ್ತು. ಏರುಶ್ರುತಿ ಬೆಳೆದದ್ದು ಆ ಅಗತ್ಯದಿಂದ. ಕರಾವಳಿಯ ಪ್ರೇಕ್ಷಕ ಇಂದಿಗೂ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ, ಕಪ್ಪು ಎಷ್ಟು ಬಿಳಿ ಎಷ್ಟು ಎಂದು, ಭಾಗವತರ ಶ್ರುತಿಯನ್ನು ಅಳೆಯುತ್ತಾನೆ. ಎತ್ತರಕ್ಕೇರಿದರಷ್ಟೇ ಸಾಲದು, ಸಾಹಿತ್ಯ ಒಡೆಯದೆ ಬರಬೇಕು. ಏಕೆಂದರೆ ವೇಷಧಾರಿ ಬಾಯಿಪಾಠದ ಮಾತು ಒಪ್ಪಿಸುವವನಲ್ಲ. ಈಗಷ್ಟೇ ಕೇಳಿದ ಪದ್ಯದ ಎಳೆ ಹಿಡಿದು ಅಲ್ಲೇ ಅರ್ಥ ಹೇಳುವವನು. ಯಾವ ಪದ್ಯ ಬಿಡಬೇಕು, ಯಾವುದನ್ನು ಎಳೆಯಬೇಕು, ದಣಿದ ವೇಷಧಾರಿಗೆ ಎಲ್ಲಿ ಉಸಿರು ಕೊಡಬೇಕು ಎಂಬುದನ್ನೆಲ್ಲ ಕೈಯಲ್ಲಿ ತಾಳ ಹಿಡಿದೇ ಹಾಡುಗಾರ ನಿರ್ಧರಿಸುತ್ತಾನೆ. ಪವರೊಟ್ಟಿಗೆ ಎದುರಿಗೊಬ್ಬ ವಾದ್ಯವೃಂದದ ನಿರ್ದೇಶಕ ಕೋಲು ಹಿಡಿದು ನಿಂತಿರುತ್ತಿದ್ದ. ಭಾಗವತರು ಹಾಡುಗಾರರೂ ಹೌದು, ನಿರ್ದೇಶಕರೂ ಹೌದು.

ದೆಹಲಿಗೆ ಭಾಗವತರು ಅಪರಿಚಿತರಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ. ಭಾಗವತನೇ ನಿರೂಪಕನಾಗಿರುವ ಗಿರೀಶ ಕಾರ್ನಾಡರ ‘ಹಯವದನ’ ನಾಟಕವನ್ನು ಬಿ.ವಿ. ಕಾರಂತರು 1972ರಲ್ಲಿ ಇಲ್ಲಿನ ‘ದಿಶಾಂತರ’ ತಂಡಕ್ಕೆ ಹಿಂದಿಯಲ್ಲಿ ಆಡಿಸಿದರು. ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದಾಗ, 1979ರಲ್ಲಿ, ‘ಮ್ಯಾಕ್‌ಬೆತ್’ಗೆ ಯಕ್ಷಗಾನದ ಮೈಕಟ್ಟು ಕೊಟ್ಟು ‘ಬರ್ನಮ್ ವನ’ ಕಟ್ಟಿದರು. ಹಿಂದಿ ಅನುವಾದ ರಘುವೀರ್ ಸಹಾಯ್ ಅವರದು. ಬಂಟ್ವಾಳದ ಮಂಚಿಯಲ್ಲಿ ಹುಟ್ಟಿ, ಗುಬ್ಬಿ ನಾಟಕ ಕಂಪನಿಯಲ್ಲಿ ಬೆಳೆದು, ಬನಾರಸಿನಲ್ಲಿ ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತ ಮನುಷ್ಯ ಅವರು. ಅವರಿಗೆ ರಂಗ ಎಂದರೆ ಮೊದಲು ಕಿವಿ. ಆದರೆ ಆಗಿನಿಂದ ಇಲ್ಲಿ ಬೆಳೆದು ಬಂದ ಚರ್ಚೆ ಭಾಗವತನನ್ನು ಒಂದು ತಂತ್ರವನ್ನಾಗಿ ಮಾಡಿಕೊಂಡಿತು: ಕಥೆಗೂ ಪ್ರೇಕ್ಷಕನಿಗೂ ನಡುವೆ ನಿಲ್ಲುವ ನಿರೂಪಕ, ಜರ್ಮನ್ ನಾಟಕಕಾರ ಬ್ರೆಕ್ಟ್‌ನ ದೂರದ ನೆಂಟ. ಆ ಚರ್ಚೆಗೆ ಬೆಲೆಯಿದೆ. ಆದರೆ ಅದರಲ್ಲಿ ಗಂಟಲೇ ಮಾಯವಾಯಿತು.

ಇಬ್ಬರ ಹೆಸರು ಹೇಳುತ್ತೇನೆ. ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿ 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ಹೆಸರಿನ ಅಜ್ಜನಿಂದ ಬಂದ ಹಾಡುಗಾರಿಕೆಯನ್ನು ಯಕ್ಷಗಾನದ ದಕ್ಷಿಣದ ಪ್ರಕಾರವಾದ ತೆಂಕುತಿಟ್ಟಿನವರು ‘ಬಲಿಪ ಶೈಲಿ’ ಎಂದೇ ಕರೆಯುತ್ತಾರೆ. ಸಂಗೀತ ಕಛೇರಿಯ ಒಯ್ಯಾರ ಅದರಲ್ಲಿಲ್ಲ. ಎತ್ತಿದ ಮೊದಲ ಸ್ವರದಲ್ಲೇ ಯುದ್ಧವೋ ಶೋಕವೋ ತಿಳಿಯುತ್ತಿತ್ತು. ಐದು ದಿನ ಆಡುವಷ್ಟು ದೊಡ್ಡ ‘ದೇವೀ ಮಹಾತ್ಮೆ’ ಪ್ರಸಂಗವನ್ನೂ ಅವರು ಬರೆದರು. ಇನ್ನೊಬ್ಬರು ಉತ್ತರದ ಪ್ರಕಾರವಾದ ಬಡಗುತಿಟ್ಟಿನ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿ, 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಅಷ್ಟರಲ್ಲೇ ಸಾಲಿಗ್ರಾಮ ಮೇಳಕ್ಕೆ ಅವರ ಹಾಡು ಕೇಳಲೆಂದೇ ಜನ ಬರುವಂತಾಗಿತ್ತು. ಅವರ ಕ್ಯಾಸೆಟ್ಟುಗಳು ದೆಹಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸ್‌ಗಳವರೆಗೂ ಬಂದವು. ಇಂದು ನೊಯಿಡಾ, ಗುರುಗ್ರಾಮಗಳ ಎತ್ತರದ ಫ್ಲ್ಯಾಟುಗಳಲ್ಲಿ ಅದೇ ದನಿ ಫೋನಿನಲ್ಲಿ ಕೇಳಿಸುತ್ತದೆ.

ಹೊಗಳಿಕೆಯನ್ನೇ ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ನಮ್ಮೂರಲ್ಲಿ ಬಣ್ಣ ಹಚ್ಚುವ ಚೌಕಿಯ ಹಿಂದೆ, ಚಹಾದ ಅಂಗಡಿಯಲ್ಲಿ ನಡೆಯುವ ವಿಮರ್ಶೆ ಬಲು ಖಾರ. ರಾಗದ ಎಳೆದಾಟ ಹೆಚ್ಚಾಗಿ ಕಥೆ ನಿಂತಿತು, ಕೋರೆಯಂಥ ಯಕ್ಷಗಾನದ ರಾಗಗಳು ಕಛೇರಿಯ ರಾಗಗಳ ಎದುರು ಸೊರಗಿದವು, ಮೈಕು ನಂಬಿ ಗಂಟಲು ಸಣ್ಣದಾಯಿತು ಎಂದು ಜನ ರಾತ್ರಿಯಿಡೀ ಜಗಳವಾಡುತ್ತಾರೆ. ನಾನಂತೂ ಬಲಿಪರ ಪಕ್ಷ. ನೀವು ನಾವಡರ ಪಕ್ಷ ಹಿಡಿದು ನನ್ನನ್ನು ಖಂಡಿಸಿದರೆ ಸಂತೋಷಪಡುತ್ತೇನೆ. ಆ ಜಗಳ ದೆಹಲಿಯ ಪುಟಗಳಿಗೂ ಬರಬೇಕು.

ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ಬಂದದ್ದು 2012ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ. ಅವರ ಕೀಚಕ, ಭಸ್ಮಾಸುರರನ್ನು ಕಂಡವರು ಆ ಗೌರವ ತಡವಾಯಿತು ಎಂದೇ ಹೇಳಿಯಾರು. ಆದರೆ ಚಿಟ್ಟಾಣಿಯವರ ಪ್ರತಿ ಹೆಜ್ಜೆಯ ಕೆಳಗೂ ಒಬ್ಬ ಭಾಗವತರ ಪದ್ಯ ಇತ್ತು. ದೆಹಲಿ ಮಲ್ಲಿಕಾರ್ಜುನ ಮನಸೂರರಿಗೆ ಪದ್ಮವಿಭೂಷಣ ಕೊಟ್ಟಿತು. ಬಾಲಕನಾಗಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿ ನಟಿಸಿದ ದನಿ ಅದು. ಚಾಪೆಯ ಮೇಲೆ ತಂಬೂರಿ ಹಿಡಿದು ಕೂತಾಗ ಕೇಳಿಸುವ ಗಂಡುದನಿ, ರಂಗಸ್ಥಳದಲ್ಲಿ ತಾಳ ಹಿಡಿದಾಗ ನಿಮಗೆ ಏಕೆ ಕೇಳಿಸುವುದಿಲ್ಲ?

ಮುಂದಿನ ಸಲ ದೆಹಲಿ ಕರ್ನಾಟಕ ಸಂಘದಲ್ಲಿ ಆಟವಾದಾಗ ಬನ್ನಿ. ಒಂದೂವರೆ ಗಂಟೆಗೆ ಕತ್ತರಿಸಿದ ಪ್ರಸಂಗವಾದರೂ ಸರಿ. ಭಾಗವತರ ಹೆಸರು ಕೇಳಿ ಬರೆದುಕೊಳ್ಳಿ. ಶ್ರುತಿ ಯಾವುದಿತ್ತು, ಚೆಂಡೆ ಏರಿದಾಗ ಮಾತು ಉಳಿಯಿತೇ, ಯಾವ ಪದ್ಯ ಕಾಲು ಗಂಟೆಯ ಅರ್ಥಕ್ಕೆ ದಾರಿ ಮಾಡಿತು, ಎಲ್ಲಿ ದನಿ ಸೋತಿತು, ಇದನ್ನು ಬರೆಯಿರಿ. ಇನ್ನೂ ಮನಸ್ಸಿದ್ದರೆ ದೀಪಾವಳಿ ಕಳೆದ ಮೇಲೆ ಮಂಗಳೂರಿಗೆ ವಿಮಾನ ಹತ್ತಿ. ಕಟೀಲಿನ, ಮಂದಾರ್ತಿಯ ಹರಕೆಯಾಟಗಳಿಗೆ ಟಿಕೆಟ್ ಇಲ್ಲ. ಕುರ್ಚಿ ಹಿಮ್ಮೇಳದ ಹತ್ತಿರ ಹಾಕಿಸಿಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ದೆಹಲಿಯಲ್ಲಿ ನೆಲೆಸಿದ ಒಬ್ಬ ಆಟದ ಪ್ರೇಕ್ಷಕ