ಜಿಮ್-ಬ್ರೇಕ್ ಅಭೇದ ಮೀಮಾಂಸೆ

ಮನೆಯ ಹತ್ತಿರ ಒಳ್ಳೆಯ ಜಿಮ್ ಒಂದನ್ನು ಆರಿಸುವುದು ಹೇಗೆ, ಕಾರಿನ ಬ್ರೇಕ್ ಪ್ಯಾಡ್ ಬದಲಿಸುವ ಕಾಲ ಬಂತೆಂದು ತಿಳಿಯುವುದು ಹೇಗೆ ಎಂಬೆರಡು ಪ್ರಶ್ನೆಗಳನ್ನು ಲೋಕ ಇಂದಿಗೂ ಬೇರೆ ಬೇರೆ ಎಂದೇ ನಂಬಿದೆ. ಒಂದನ್ನು ಟ್ರೇನರ್‌ಗೆ, ಇನ್ನೊಂದನ್ನು ಮೆಕ್ಯಾನಿಕ್‌ಗೆ ಒಪ್ಪಿಸಿ ಹಾಯಾಗಿ ಮಲಗಿದೆ. ಇದು ಅವಿದ್ಯೆ. ಇವೆರಡೂ ಒಂದೇ ಶಾಸ್ತ್ರದ ಎರಡು ಶಾಖೆಗಳೆಂದೂ ಆ ಶಾಸ್ತ್ರದ ವಿಷಯ ‘ಸವೆತ’ವೆಂದೂ ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಸವೆಯಲೆಂದು ದುಡ್ಡು ಕಟ್ಟಿದ ಹೊಟ್ಟೆ ಸವೆಯುವುದಿಲ್ಲ. ಸವೆಯದಿರಲೆಂದು ಹಾರೈಸಿದ ಪ್ಯಾಡ್ ಸವೆದು ಕೂತಿರುತ್ತದೆ. ಎರಡು ಸುದ್ದಿಯೂ ಯಜಮಾನನಿಗೆ ಕೊನೆಯಲ್ಲಿ ಮುಟ್ಟುತ್ತದೆ.

ಮೊದಲು ಸ್ಥಳಪುರಾಣ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ದೇಹದಾರ್ಢ್ಯದ ಆಚಾರ್ಯರಾದ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಇತ್ತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಅಯ್ಯರ್ ಅವರೇ. ಕಬ್ಬಿಣ ಎತ್ತಿದ ಕೈಯಲ್ಲೇ ಕಾದಂಬರಿ ಬರೆದವರು ನಮ್ಮಲ್ಲಿ ಹೆಚ್ಚು ಮಂದಿ ಇಲ್ಲ. ಅವರು ಅಂಚೆಯ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು. ಈಗಿನ ಜಿಮ್ ಸದಸ್ಯರಲ್ಲಿ ಬಹುಪಾಲು ಮಂದಿ ಇದೇ ಸಂಪ್ರದಾಯದವರು: ಹಣ ಹೋಗುತ್ತದೆ, ದೇಹ ಮನೆಯಲ್ಲೇ ಇರುತ್ತದೆ. ಅದಿರಲಿ. ಇದೇ ಜೆ.ಸಿ. ರಸ್ತೆಯೇ ಇವತ್ತು ಕಾರಿನ ಬಿಡಿಭಾಗಗಳ ಪೇಟೆ. ಬ್ರೇಕ್ ಪ್ಯಾಡ್ ಕೇಳಿಕೊಂಡು ಊರವರೆಲ್ಲ ಅಲ್ಲಿಗೇ ಹೋಗುವುದು. ಒಂದೇ ರಸ್ತೆ ಎರಡು ವಿದ್ಯೆಗಳಿಗೂ ಪೀಠವಾದದ್ದು ಕಾಕತಾಳೀಯ ಎನ್ನುವವರು ಸಂಶೋಧನೆಗೆ ಅನರ್ಹರು. ಅವರು ಈ ಪ್ಯಾರಾದಲ್ಲೇ ಇಳಿದುಕೊಳ್ಳಬಹುದು.

ಈ ಶಾಸ್ತ್ರಕ್ಕೆ ಒಬ್ಬ ಮೂಲ ಋಷಿಕೆಯೂ ಉಂಟು. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಎಂಬ ಜರ್ಮನಿಯ ಗೃಹಿಣಿ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ ಕೇಳದೆ, ಆತ ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟರು. ಕಡಿದಾದ ಏರು ಬಂದಲ್ಲಿ ಗಾಡಿ ಹತ್ತಲಿಲ್ಲ, ಇಳಿದು ನೂಕಬೇಕಾಯಿತು. ಇಳಿಜಾರು ಬಂದಲ್ಲಿ ಮರದ ಬ್ರೇಕ್ ಸವೆದು ಹಿಡಿತ ತಪ್ಪಿತು; ದಾರಿಯಲ್ಲಿ ಸಿಕ್ಕ ಬೂಟು ಹೊಲಿಯುವವನ ಕೈಯಲ್ಲಿ ಅದಕ್ಕೆ ತೊಗಲು ಹೊಡೆಸಿದರು. ಬ್ರೇಕ್ ಲೈನಿಂಗ್ ಎಂಬ ಪದಾರ್ಥದ ಅವತಾರ ಅದೇ. ಏರಿನಲ್ಲಿ ವ್ಯಾಯಾಮ, ಇಳಿಜಾರಿನಲ್ಲಿ ಬ್ರೇಕು, ಎರಡೂ ಒಂದೇ ದಾರಿಯಲ್ಲಿ. ಆ ಮೇಲೆ ಬಂದವರು ಏರಿಗೊಂದು ಅಂಗಡಿ, ಇಳಿಜಾರಿಗೊಂದು ಅಂಗಡಿ ಇಟ್ಟು ಶಾಸ್ತ್ರವನ್ನು ಸೀಳಿದರು.

ಇನ್ನು ಪ್ರಮಾಣ ವಿಚಾರ. ಬ್ರೇಕ್ ಸವೆದಿದೆ ಎಂಬ ಜ್ಞಾನ ನಮಗೆ ಹೇಗೆ ಹುಟ್ಟುತ್ತದೆ?

ಪ್ರತ್ಯಕ್ಷದಿಂದ ಎನ್ನುವರು ಚಾರ್ವಾಕರು. ಮುಂದಿನ ಚಕ್ರದ ಸಂದಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಡಿಸ್ಕ್‌ಗೆ ಆತುಕೊಂಡ ಪ್ಯಾಡ್ ಕಾಣುತ್ತದೆ. ಹೊಸದರಲ್ಲಿ ಅದರ ಉಜ್ಜುವ ಪದರ ಸುಮಾರು 10ರಿಂದ 12 ಮಿ.ಮೀ. ಇರುತ್ತದೆ; 3 ಮಿ.ಮೀ.ಗೆ ಇಳಿದರೆ ಬದಲಿಸಬೇಕು, ಎಡಬಲ ಎರಡೂ ಚಕ್ರಗಳಲ್ಲಿ ಒಟ್ಟಿಗೇ. ಆದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದು ಅದಕ್ಕಿಂತ ಹೆಚ್ಚು ಸವೆದಿರುವುದುಂಟು. ಹಿಂದಿನ ಚಕ್ರದಲ್ಲಿ ಡ್ರಮ್ ಇದ್ದರಂತೂ ಬ್ರೇಕ್ ಶೂ ಎಂಬುದು ಡ್ರಮ್ ಕಳಚುವ ತನಕ ಯಾರ ಕಣ್ಣಿಗೂ ಬೀಳದ ಗುಹ್ಯತತ್ತ್ವ. ಚಾರ್ವಾಕರ ಕಾರು ಇಲ್ಲೇ ಗೋಡೆಗೆ ಗುದ್ದಿತು.

ಶಬ್ದ ಪ್ರಮಾಣದ ಮಾತು ಬೇರೆ. ಬಹಳಷ್ಟು ಪ್ಯಾಡ್‌ಗಳಿಗೆ ಒಂದು ಸಣ್ಣ ಲೋಹದ ನಾಲಗೆ ಇರುತ್ತದೆ. ಪದರ ಸವೆದಾಗ ಅದು ಡಿಸ್ಕ್‌ಗೆ ತಾಗಿ ಕೀಚ್ ಎನ್ನುತ್ತದೆ. ಕಿವಿಗೆ ಹಿಂಸೆಯಾಗಲಿ ಎಂದೇ ಅದನ್ನು ಹಾಗೆ ಮಾಡಿರುವುದು. ಆದರೆ ಆ ಸ್ವರ ಕೇಳಿದೊಡನೆ ಸ್ಟೀರಿಯೋ ಜೋರು ಮಾಡುವ ಒಂದು ಪಂಥ ನಮ್ಮಲ್ಲಿ ಬೆಳೆದಿದೆ. ಮಳೆಯ ಮರುದಿನ ಬೆಳಿಗ್ಗೆ ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಹಿಡಿದಿದ್ದರೂ ನಾಲ್ಕಾರು ಸಲ ಬ್ರೇಕ್ ಒತ್ತುವ ತನಕ ಸದ್ದು ಬರಬಹುದು. ಅದಕ್ಕೆ ಗಾಬರಿ ಬೇಡ. ದಿನವೂ ಬರುವ ಕೀಚ್‌ಗೆ ಗಾಬರಿಯಾಗಬೇಕು. ಕೀಚ್ ನಿಂತು ಗರಗರ ಶುರುವಾದರೆ ಗಾಬರಿಯ ಕಾಲವೂ ಮುಗಿಯಿತು: ಪ್ಯಾಡ್ ತೀರಿಕೊಂಡು ಅದರ ಹಿಂದಿನ ಉಕ್ಕಿನ ತಟ್ಟೆ ಡಿಸ್ಕನ್ನೇ ಕೆರೆಯುತ್ತಿದೆ. ಈಗ ಡಿಸ್ಕ್‌ಗೂ ದುಡ್ಡು ಹೊಂದಿಸಿಕೊಳ್ಳಿ.

ಅನುಮಾನ ಪ್ರಮಾಣದಲ್ಲಿ ನಮ್ಮ ನೈಯಾಯಿಕರಿಗೆ ಸರಿಸಾಟಿ ಇಲ್ಲ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯಬೇಕು ಎಂಬ ಒಂದೇ ಉದಾಹರಣೆಯನ್ನು ಅವರು ಶತಮಾನಗಳ ಕಾಲ ಹಿಡಿದು ಕೂತಿದ್ದರು. ಯಾವ ಬೆಟ್ಟ, ಯಾವ ಹೊಗೆ ಎಂದು ಒಬ್ಬರೂ ಹೇಳಲಿಲ್ಲ. ಬೆಟ್ಟ ಚಾರ್ಮಾಡಿ ಘಾಟಿ. ಹೊಗೆ ಮುಂದಿನ ಚಕ್ರದ್ದು. ಕೊಟ್ಟಿಗೆಹಾರದಿಂದ ಇಳಿಯುವಾಗ ಗೇರ್ ಇಳಿಸದೆ ತಿರುವು ತಿರುವಿಗೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದವರ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಹಿಂದಿನ ಸೀಟಿನ ಅತ್ತೆಗೆ ಮೊದಲು ಬರುತ್ತದೆ. ಎರಡನೆಯ ಗೇರ್‌ಗೆ ಇಳಿಸಿ ಎಂಜಿನ್ನಿಗೆ ಹಿಡಿಯಲು ಬಿಟ್ಟಿದ್ದರೆ ತರ್ಕಶಾಸ್ತ್ರದ ಅಗತ್ಯವೇ ಬೀಳುತ್ತಿರಲಿಲ್ಲ. ಅನುಮಾನಕ್ಕೆ ಇನ್ನೊಂದು ಲಿಂಗ, ಅಂದರೆ ಗುರುತು, ಬ್ರೇಕ್ ಆಯಿಲ್ ಡಬ್ಬಿ. ಅದರ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಸರಿದು ಆ ಜಾಗವನ್ನು ಆಯಿಲ್ ತುಂಬಿದೆ ಎಂದರ್ಥ. ಕಾರಣ ಹುಡುಕದೆ ಮೇಲಿನಿಂದ ಆಯಿಲ್ ಸುರಿದು ಗೆರೆ ಮುಟ್ಟಿಸುವುದನ್ನು ಶಾಸ್ತ್ರದಲ್ಲಿ ಹೇತ್ವಾಭಾಸ ಎನ್ನುತ್ತಾರೆ.

ಕಡೆಯದು ಅನುಪಲಬ್ಧಿ: ಇಲ್ಲದ್ದನ್ನು ಕಾಣದಿರುವಿಕೆಯಿಂದಲೇ ತಿಳಿಯುವುದು. ಪೆಡಲ್ ಒತ್ತಿದರೆ ಮೆತ್ತಗೆ ಕೆಳಗೆ ಹೋಗುತ್ತದೆ, ಬ್ರೇಕ್ ಸಿಗುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಜಾತಿಯದು. ಹೊಸ ಡಾಟ್ 4 ಆಯಿಲ್ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ರ ಸುಮಾರಿಗೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಕಾಲಿನ ಬಲವೆಲ್ಲ ಆ ಆವಿಯನ್ನು ಅದುಮುವುದಕ್ಕೇ ಖರ್ಚಾಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎನ್ನುವುದು ಇದಕ್ಕೇ. ಭಾಟ್ಟ ಮೀಮಾಂಸಕರು ಒಪ್ಪಿದ ಈ ಆರನೆಯ ಪ್ರಮಾಣವನ್ನು ಕಾರಿನಲ್ಲಿ ಪ್ರಯೋಗಿಸಿ ನೋಡಬಾರದು.

ಈಗ ಜಿಮ್. ಇಲ್ಲಿ ವಿಚಾರವೆಲ್ಲ ಆಪ್ತವಾಕ್ಯದ ಸುತ್ತ ತಿರುಗುತ್ತದೆ. ಕಂಡದ್ದನ್ನು ಕಂಡಂತೆ ಹೇಳುವವನು, ಹೇಳುವುದರಲ್ಲಿ ಸ್ವಾರ್ಥವಿಲ್ಲದವನು ಆಪ್ತ. ಬೇಕರಿಯ ಮೇಲಿನ ಎರಡನೆಯ ಮಹಡಿಗೆ ಲಿಫ್ಟಿನಲ್ಲಿ ಹೋದರೆ (ಮೆಟ್ಟಿಲು ಹತ್ತಿದವರಿಗೆ ಜಿಮ್ ಬೇಕಿಲ್ಲ) ಕೌಂಟರಿನಲ್ಲಿ ಒಬ್ಬ ತರುಣ ಸಿಗುತ್ತಾನೆ. “ಸಾರ್, ಇವತ್ತೇ ಕಟ್ಟಿದ್ರೆ ವರ್ಷಕ್ಕೆ ಅರ್ಧ ರೇಟು, ನಾಳೆಯಿಂದ ಆಫರ್ ಇರಲ್ಲ” ಎನ್ನುತ್ತಾನೆ. ಅವನ ಹಿಂದಿನ ಕಪಾಟಿನಲ್ಲಿ ಪ್ರೋಟೀನ್ ಪುಡಿಯ ಡಬ್ಬಗಳು ಮಾರಾಟಕ್ಕಿವೆ. ಇವನು ಆಪ್ತನೋ? ಸಂಪ್ರದಾಯಜ್ಞರ ನಿರ್ಣಯ ಹೀಗಿದೆ: ಫೀಜಿನ ಮಾತಿಗೆ ಮೊದಲು “ಬಿ.ಪಿ. ಇದೆಯಾ, ಮಂಡಿ ನೋವಿದೆಯಾ, ಸೊಂಟಕ್ಕೆ ಏನಾದ್ರೂ ಆಪರೇಷನ್ ಆಗಿದೆಯಾ” ಎಂದು ಕೇಳಿದರೆ ಆಪ್ತ; ಫೀಜು ಕಟ್ಟಿಸಿಕೊಂಡು ರಸೀದಿ ಹರಿದ ಮೇಲೆ ಕೇಳಿದರೆ ವ್ಯಾಪಾರಿ; ಕೇಳದೇ ಹೋದರೆ ಅಪಾಯ.

ಮಿಕ್ಕದ್ದು ಪ್ರತ್ಯಕ್ಷಕ್ಕೆ ಬಿಟ್ಟದ್ದು. ನೀವು ನಿತ್ಯ ಹೋಗಬೇಕೆಂದಿರುವ ಹೊತ್ತಿಗೇ ಹೋಗಿ ನೋಡಿ. ಮಧ್ಯಾಹ್ನ ಮೂರಕ್ಕೆ ಯಾವ ಜಿಮ್ಮೂ ತಪೋವನವೇ. ಸಂಜೆ ಏಳಕ್ಕೆ ಬೆಂಚಿಗೆ ಕ್ಯೂ ಇರುತ್ತದೆ. ತಂತಿ ಎಳೆಯುವ ಯಂತ್ರದ ತಂತಿಯಲ್ಲಿ ಎಳೆ ಬಿಟ್ಟಿದೆಯೇ, ಡಂಬೆಲ್‌ಗಳಿಗೆ ಜೋಡಿ ಇದೆಯೇ, ಕಿಟಕಿ ತೆರೆಯುತ್ತದೆಯೇ ನೋಡಿ. ಬಚ್ಚಲು ನೋಡಿ. ಅದನ್ನು ನೋಡಿದವರು ಬೇರೇನನ್ನೂ ಕೇಳುವುದಿಲ್ಲ. ಮೊದಲು ಒಂದು ತಿಂಗಳಿಗೆ ಕಟ್ಟಿ. ವರ್ಷದ ಹಣ ಕಟ್ಟುವುದೇ ಆದರೆ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಶಾಸನವನ್ನು ಓದಿ. ಹಳಗನ್ನಡ ಶಾಸನಗಳು ಅದಕ್ಕಿಂತ ಸುಲಭ. ಮೈಸೂರಿನ ಗರಡಿ ಮನೆಗಳಲ್ಲಿ ಈ ತೊಡಕು ಇರಲಿಲ್ಲ. ಉಸ್ತಾದರು ಹುಡುಗನನ್ನು ಒಮ್ಮೆ ನೋಡಿ ಬಸ್ಕಿ ಹೊಡೆ ಎನ್ನುತ್ತಿದ್ದರು, ಹುಡುಗ ಹೊಡೆಯುತ್ತಿದ್ದ. ಆಫರ್ ಎಂಬ ಪದಾರ್ಥ ಕೆಮ್ಮಣ್ಣಿನ ಮಟ್ಟಿಗೆ ಇಳಿದದ್ದಿಲ್ಲ.

ದೂರ ಎಷ್ಟಿರಬೇಕು? ನಡೆದು ಹೋಗುವಷ್ಟು. ಪ್ರಬಂಧದ ಮರ್ಮ ಇಲ್ಲಿದೆ, ಆದ್ದರಿಂದ ಸ್ವಲ್ಪ ಗಣಿತ. ಆಳೂ ಸೇರಿ 1,000 ಕೆ.ಜಿ. ತೂಗುವ ಸಣ್ಣ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ 50,000 ಜೂಲ್, ಅಂದರೆ ಸುಮಾರು 12 ಕಿಲೋಕ್ಯಾಲರಿ, ಅಂದರೆ ಸರಿಸುಮಾರು ಕಾಲು ಇಡ್ಲಿ. ನಿಲ್ಲಿಸಿದರೆ ಆ ಶಕ್ತಿಯ ಬಹುಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹಂಪ್ ಎದುರು ಪೂರ್ತಿ ನಿಲ್ಲಿಸದೆ ವೇಗವನ್ನು ಹತ್ತಕ್ಕೆ ಇಳಿಸಿದರೂ ಹತ್ತರಲ್ಲಿ ಒಂಬತ್ತು ಪಾಲು ಹೋದಂತೆಯೇ. ಹೋಗುತ್ತ ಬರುತ್ತ ಹಂಪು, ಸಿಗ್ನಲ್ಲು, ಅಡ್ಡ ಬಂದ ಆಟೋ ಎಲ್ಲ ಸೇರಿ ಇಪ್ಪತ್ತು ಎಂದಿಟ್ಟುಕೊಂಡರೆ 240 ಕಿಲೋಕ್ಯಾಲರಿ. ಕಾರಿನ ಒಡೆಯರು ಟ್ರೆಡ್‌ಮಿಲ್ ಮೇಲೆ ಅರ್ಧ ಗಂಟೆ ನಡೆದು ಖರ್ಚು ಮಾಡುವುದು 120ರ ಆಸುಪಾಸು. ವ್ಯಾಯಾಮ ಮಾಡಿದವರು ಯಾರು?

ಪೂರ್ವಪಕ್ಷಿ ಕೇಳಬಹುದು: ಬ್ರೇಕಿಗೆ ಮೈ ಬಿಸಿಯಾದೀತು, ತೂಕ ಇಳಿಯುತ್ತದೆಯೇ? ಇಳಿಯುತ್ತದೆ. 12 ಮಿ.ಮೀ. ದಪ್ಪವಿದ್ದದ್ದು 3 ಮಿ.ಮೀ.ಗೆ ಬಂದಿದೆ. ಮುಕ್ಕಾಲು ಪಾಲು ಕರಗಿಸಿದ ಬೇರೊಬ್ಬ ಸದಸ್ಯನನ್ನು ಯಾವ ಜಿಮ್ಮಾದರೂ ತೋರಿಸಲಿ. ‘ಮೊದಲು’, ‘ನಂತರ’ ಎಂದು ಗೋಡೆಗೆ ಹಾಕುವ ಫೋಟೋಗಳಲ್ಲಿ ನ್ಯಾಯವಾಗಿ ಇರಬೇಕಾದದ್ದು ಬ್ರೇಕ್ ಪ್ಯಾಡು. ಹೀಗೆ ಅಭೇದ ಸಿದ್ಧವಾಯಿತು.

ಇಷ್ಟು ಹೊತ್ತಿಗೆ ಪೂರ್ವಪಕ್ಷಿ ಎಲೆಕ್ಟ್ರಿಕ್ ಕಾರಿನಲ್ಲಿ ಬಂದಿಳಿದು ಎರಡನೆಯ ಆಕ್ಷೇಪ ಎತ್ತುತ್ತಾನೆ. ಅವನ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರೇ ಜನರೇಟರಿನಂತೆ ತಿರುಗಿ ವೇಗ ಇಳಿಸಿ, ಚಲನಶಕ್ತಿಯ ಒಂದಷ್ಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪ್ಯಾಡ್ ಸವೆಯುವುದು ತೀರ ಕಡಿಮೆ. ಬದಲಿಗೆ ಕೆಲಸವಿಲ್ಲದೆ ಕೂತ ಡಿಸ್ಕ್‌ಗೆ ತುಕ್ಕು ಹಿಡಿಯುವ ಕಾಟ. ಸದಸ್ಯತ್ವ ಇದೆ, ಸ್ಥಳದಲ್ಲೂ ಇದೆ, ವ್ಯಾಯಾಮ ಮಾತ್ರ ಇಲ್ಲ. ಇದು ನಮ್ಮ ಸಿದ್ಧಾಂತದ ಖಂಡನೆಯೋ ಸಮರ್ಥನೆಯೋ ಎಂಬುದು ಗಂಭೀರ ಪ್ರಶ್ನೆ. ಉತ್ತರ ಎರಡನೆಯ ಸಂಪುಟದಲ್ಲಿ ಬರುತ್ತದೆ. ವಾರ್ಷಿಕ ಚಂದಾ ಇವತ್ತೇ ಕಟ್ಟಿದವರಿಗೆ ಅರ್ಧ ಬೆಲೆ. ನಾಳೆಯಿಂದ ಆಫರ್ ಇರುವುದಿಲ್ಲ. ಕಟ್ಟಿದ ಹಣ ಯಾವ ಕಾರಣಕ್ಕೂ ವಾಪಸಿಲ್ಲ.